ತೋಟ, ಪಂಚಾಯ್ತಿ ಎರಡೂ ಒಟ್ಟಿಗೆ ನಡೆಯುತ್ತಾ?

ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಕಡೆಯ ಮನೆಗೆ ವಾಪಸ್ ಬರುತ್ತೇನೆ, ಅಡಿಕೆ ತೋಟ ನೋಡಿಕೊಂಡು ಪಂಚಾಯ್ತಿಗೂ ನಿಲ್ಲುವ ಆಸೆ ಇದೆ, ಎರಡೂ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಶಿರಸಿ ತಾಲ್ಲೂಕಿನ ಹಳ್ಳಿಯವನು. ಎರಡು ಎಕರೆ ತೋಟ. ಎರಡು ಅವಧಿ, ಅಂದರೆ ಹತ್ತು ವರ್ಷ, ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದೆ. ನಡೆಯುತ್ತದೆ. ಮಳೆಗಾಲ ಒಂದು ಬಿಟ್ಟು.

ಮಳೆ ಹಿಡಿಯುವ ಮೊದಲಿನ ಹದಿನೈದು ದಿನ ತೋಟದ ಕಾಲುವೆ ಬಿಡಿಸಬೇಕು, ಮಳೆಯಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಸಲದ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ಮದ್ದು, ಹೊಡೆಸಬೇಕು. ಊರಿಗೂ ಆಗಲೇ ಎಲ್ಲ ನೆನಪಾಗುವುದು. ಶಾಲೆಯ ಹೆಂಚು ಜಾರಿದೆ, ಮರ ಬಿದ್ದು ಕರೆಂಟ್ ಹೋಗಿದೆ, ಕಾಲುಸಂಕ ಹಾಕಿಲ್ಲ. ಅಡಿಕೆ ಮರ ಜೋಡಿಸಿ ಹಳ್ಳಕ್ಕೆ ಅಡ್ಡ ಹಾಕುವ ಈ ಸಂಕ ನಿಮಗೂ ಗೊತ್ತಿರಬೇಕಲ್ವಾ? ಹಾಕಿದ್ದು ಬೇಗ ಕೊಳೆಯುತ್ತದೆ, ಮತ್ತೆ ಹೊಸದು ಹಾಕಬೇಕು. ಉದ್ಯೋಗ ಖಾತ್ರಿಯಲ್ಲಿ ಒಂದು ಕಾಂಕ್ರೀಟ್ ಸಂಕ ಮಾಡಿಸಿದೆ. ಹತ್ತು ವರ್ಷದಲ್ಲಿ ಕಣ್ಣಿಗೆ ಕಾಣುವ ಹಾಗೆ ನಾನು ಮಾಡಿದ್ದು ಅದೊಂದೇ ಅಂದರೂ ತಪ್ಪಿಲ್ಲ.

ಆ ಕಾಂಕ್ರೀಟ್ ಬರುವ ಹಿಂದಿನ ವರ್ಷದ ಮಾತು. ಮೊದಲ ಸಲ ಹೊಡೆಸಿ ನಲವತ್ತು ದಿನ ದಾಟಿತ್ತು. ಎರಡನೆಯದಕ್ಕೆ ಮಳೆ ಬಿಟ್ಟು ಹೊಳವಾಗುವುದನ್ನೇ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಬಿಸಿಲು ಬಿತ್ತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬಂದ. ಅವನ ದಿನ ಸಿಗುವುದೇ ಪುಣ್ಯ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಎರಡು ಬ್ಯಾರಲ್ ಕಲಸಿದೆ. ಕತ್ತಿ ಅದ್ದಿ ನೋಡಿದೆ, ಕೆಂಪು ಹಿಡಿಯಲಿಲ್ಲ, ಹದ ಸರಿ ಇತ್ತು. ಅಷ್ಟರಲ್ಲಿ ಫೋನು. ರಾತ್ರಿಯ ಮಳೆಗೆ ಸಂಕ ಹೋಗಿದೆ, ಮಕ್ಕಳು ಆಚೆ ದಡದಲ್ಲಿ ನಿಂತಿದ್ದಾರೆ. ಹೆಂಡತಿ ತವರಿಗೆ ಹೋಗಿದ್ದಳು. ಕೆಳಗೆ ಪಂಪು ನೋಡುವವರು ಇಲ್ಲದೆ ಕೊನೆಗೌಡ ಮಧ್ಯಾಹ್ನದವರೆಗೆ ಕಾದು, ಎಲೆ ಅಡಿಕೆಯ ಕವಳ ಹಾಕಿ, ಹೋದ. ನಾನು ಮನೆಗೆ ಬಂದಾಗ ಕತ್ತಲೆ. ಬೋರ್ಡೋ ಅವತ್ತಿಂದು ಅವತ್ತೇ ಮುಗಿಯಬೇಕು, ಇಡುವ ಹಾಗಿಲ್ಲ. ಎರಡು ಬ್ಯಾರಲ್ಲೂ ಚೆಲ್ಲಿದೆ. ಮರುದಿನ ಹಿಡಿದ ಮಳೆ ವಾರ ಬಿಡಲಿಲ್ಲ. ಹಳ್ಳದ ಬದಿಯ ಸಾಲುಗಳ ಬುಡದಲ್ಲಿ ಹಸಿ ಕಾಯಿ ಹಾಸಿ ಬಿದ್ದಿತ್ತು.

ಊರಿನವರು ಸಂಕ ಹಾಕಿದ್ದಕ್ಕೆ ಹೊಗಳಿದರು. ಅಡಿಕೆ ಲೆಕ್ಕ ಯಾರೂ ಕೇಳಲಿಲ್ಲ, ಹೆಂಡತಿ ಒಬ್ಬಳು ಬಿಟ್ಟು.

ಉಳಿದ ದಿನಗಳ ಕಥೆ ಇಷ್ಟು ಕಷ್ಟದ್ದಲ್ಲ. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ ಅನ್ನುತ್ತಾರೆ. ಯಾರು ಯಾವ ಪಕ್ಷ ಅಂತ ಊರಿಗೇ ಗೊತ್ತಿರುತ್ತದೆ, ಅದು ಬಿಡಿ. ಸಂಜೆಯಾದರೆ ಜಗಲಿಯೇ ಕಚೇರಿ. ಕವಳದ ಬಟ್ಟಲು ತುಂಬಿರಬೇಕು. ಜಾಸ್ತಿ ಬರುವುದು ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ಗಡಿ ತಕರಾರು. ನಮ್ಮ ಕಡೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಪದ್ಧತಿ ಇದೆ. ಅಣ್ಣತಮ್ಮ ಪಾಲಾದಾಗ ತೋಟ ಅಳೆಯುತ್ತಾರೆ. ಬೆಟ್ಟವನ್ನು ಮಾತ್ರ ‘ಆ ಮತ್ತಿ ಮರದಿಂದ ಆಚೆ’ ಅಂತ ಬಾಯಲ್ಲಿ ಹೇಳಿ ಬಿಡುತ್ತಾರೆ. ಮೂವತ್ತು ವರ್ಷದ ಮೇಲೆ ಮತ್ತಿ ಮರ ಬೀಳುತ್ತದೆ, ಜಗಳ ನಮ್ಮ ಜಗಲಿಗೆ ಬರುತ್ತದೆ. ಇದಕ್ಕೆ ಕಾನೂನು ಓದಿಕೊಂಡರೆ ಸಾಲುವುದಿಲ್ಲ. ಇಬ್ಬರ ಅಪ್ಪಂದಿರನ್ನೂ ನೋಡಿದವರೊಬ್ಬರು ಪಕ್ಕದಲ್ಲಿ ಕೂತಿರಬೇಕು. ನೀವು ಊರು ಬಿಟ್ಟು ಎಷ್ಟು ವರ್ಷವಾಯಿತು? ಬಂದು ಎರಡು ಮಳೆಗಾಲ ಸುಮ್ನೆ ತೋಟ ಮಾಡಿ, ಆಮೇಲೆ ನಿಲ್ಲಿ.

ಸಂಕ ಹೋದ ವರ್ಷದಿಂದ ಮದ್ದು ಹೊಡೆಸುವುದನ್ನು ಹೆಂಡತಿ ವಹಿಸಿಕೊಂಡಳು. ಕೊನೆಗೌಡನ ದಿನವನ್ನೂ ಅವಳೇ ಗೊತ್ತು ಮಾಡುತ್ತಾಳೆ. ನನ್ನ ಎರಡನೇ ಅವಧಿ ಮುಗಿದಾಗ ಮೀಸಲಾತಿ ತಿರುಗಿ ನಮ್ಮ ವಾರ್ಡು ಮಹಿಳೆಯರಿಗೆ ಬಂತು. ನಾಲ್ಕು ಜನ ಮನೆಗೆ ಬಂದರು, ‘ಅಕ್ಕ, ನೀವೇ ನಿಲ್ಲಬೇಕು’ ಅಂದರು. ಅವಳು ಚಾ ಕೊಟ್ಟಳು. ನನ್ನ ಕಡೆ ನೋಡಿ, ‘ನಾನು ಮೀಟಿಂಗಿಗೆ ಹೋದರೆ ಇವರು ಬ್ಯಾರಲ್ ಕಾಯ್ತಾರಾ ಕೇಳಿ’ ಅಂದಳು.

ಬಂದವರೂ ನನ್ನನ್ನೇ ನೋಡಿದರು. ನಾನು ಕವಳದ ಬಟ್ಟಲು ಮುಂದೆ ಸರಿಸಿದೆ.