ನಿಯಾಂಡರ್ತಾಲ್ ಅಜ್ಜಿ ಇದ್ದದ್ದು ಹೇಗೆ ಗೊತ್ತಾಯಿತು?

ಪ್ರಶ್ನೆ: ಮೇಡಂ, ನಮ್ಮ ಡಿಎನ್‌ಎಯಲ್ಲಿ ನೂರಕ್ಕೆ ಒಂದೆರಡು ಪಾಲು, ಬಹಳ ಹಿಂದೆ ಅಳಿದುಹೋದ ನಿಯಾಂಡರ್ತಾಲ್ ಮಾನವರದ್ದು ಎಂದು ನನ್ನ ಮಗ ಹೇಳುತ್ತಾನೆ. ಅವರೂ ನಾವೂ ಒಂದೇ ಮೂಲದಿಂದ ಬಂದವರು ಅಲ್ವಾ? ಹಾಗಿದ್ದ ಮೇಲೆ ಹೋಲಿಕೆ ಇದ್ದೇ ಇರುತ್ತದೆ. ಎರಡೂ ಗುಂಪು ಕೂಡಿ ಮಕ್ಕಳಾಗಿದ್ದವು ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಈ ಅನುಮಾನ ಬರಲೇಬೇಕು. ವಿಜ್ಞಾನಿಗಳಿಗೂ ಬಂದಿತ್ತು.

ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ 1856ರಲ್ಲಿ ಸಿಕ್ಕ ನಿಯಾಂಡರ್ತಾಲ್ ಮೂಳೆಯಿಂದ ವಿಜ್ಞಾನಿ ಸ್ವಾಂಟೆ ಪಾಬೊ ಅವರ ತಂಡ 1997ರಲ್ಲಿ ಮೊದಲ ಸಲ ಡಿಎನ್‌ಎ ತೆಗೆಯಿತು. ಅದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಎಂಬ ಭಾಗದ, ತಾಯಿಯಿಂದ ಮಾತ್ರ ಬರುವ ಡಿಎನ್‌ಎ. ಅದರಲ್ಲಿ ಬೆರಕೆಯ ಸುಳಿವು ಸಿಗಲಿಲ್ಲ. ಆಗ ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. 'ನಮಗೂ ಅವರಿಗೂ ನಂಟಸ್ತನ ಆಗಿರಲಿಲ್ಲ' ಎಂದೇ ಎಷ್ಟೋ ವರ್ಷ ಪಾಠ ಮಾಡಿದೆ. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ತಿದ್ದಿಕೊಳ್ಳಿ.

2010ರಲ್ಲಿ ಅದೇ ತಂಡ ಕ್ರೊಯೇಷಿಯಾದ ವಿಂಡಿಜಾ ಗುಹೆಯ ಮೂಳೆಗಳಿಂದ ನಿಯಾಂಡರ್ತಾಲ್ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಬಹುಪಾಲನ್ನು ಓದಿತು. ಅದನ್ನು ಇಂದಿನ ಐದು ಜನರ ಡಿಎನ್‌ಎ ಜೊತೆ ಹೋಲಿಸಿ ನೋಡಿದರು. ಇಬ್ಬರು ಆಫ್ರಿಕಾದವರು. ಉಳಿದವರು ಫ್ರಾನ್ಸ್, ಚೀನಾ, ಪಪುವಾ ನ್ಯೂಗಿನಿಯವರು. ಬರೀ ಹಳೇ ಮೂಲದ ಹೋಲಿಕೆಯಾಗಿದ್ದರೆ ಐವರೂ ನಿಯಾಂಡರ್ತಾಲರಿಗೆ ಒಂದೇ ಸಮನಾಗಿ ಹತ್ತಿರ ಇರಬೇಕಿತ್ತು. ಹಾಗಾಗಲಿಲ್ಲ. ಆಫ್ರಿಕಾದ ಹೊರಗಿನ ಮೂವರೂ ಜಾಸ್ತಿ ಹತ್ತಿರ ಇದ್ದರು. ಪಪುವಾದಲ್ಲಿ ನಿಯಾಂಡರ್ತಾಲರು ಕಾಲಿಟ್ಟವರೇ ಅಲ್ಲ! ಅಂದರೆ ನಮ್ಮ ಹಿರಿಯರು ಆಫ್ರಿಕಾ ಬಿಟ್ಟು ಬಂದ ಮೇಲೆ, ದಿಕ್ಕಿಗೊಬ್ಬರಾಗುವ ಮೊದಲೇ ಈ ಬೆರಕೆ ಆಗಿತ್ತು.

ಆದರೂ ಒಂದು ತಕರಾರು ಉಳಿಯಿತು. ಆಫ್ರಿಕಾದಲ್ಲೇ ಹಿಂದೆ ಗುಂಪುಗಳು ಬೇರೆಬೇರೆಯಾಗಿ ಬಾಳಿದ್ದು, ಅದರಲ್ಲಿ ನಿಯಾಂಡರ್ತಾಲರಿಗೆ ಹತ್ತಿರದ ಗುಂಪು ಹೊರಟು ಬಂದಿದ್ದರೆ? ನಿಮ್ಮ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮಲ್ಲಿರುವ ನಿಯಾಂಡರ್ತಾಲ್ ಡಿಎನ್‌ಎ ತುಂಡುಗಳ ಉದ್ದದಿಂದ.

ನಮ್ಮ ಅವ್ವ ಕೌದಿ ಹೊಲಿಯುತ್ತಿದ್ದಳು. ಕೌದಿ ಹಳೇದಾದರೆ ಅದರಲ್ಲಿ ಗಟ್ಟಿ ಇದ್ದ ಬಟ್ಟೆ ಕತ್ತರಿಸಿ ಹೊಸ ಕೌದಿಗೆ ಹಾಕುತ್ತಿದ್ದಳು. ಇಳಕಲ್ ಸೀರೆಯ ಸೆರಗು ಗೇಣುದ್ದ ಕಂಡರೆ ಆ ಸೀರೆ ಈಚೆಗೆ ಹರಿದದ್ದು. ಬೆರಳಗಲ ಉಳಿದಿದ್ದರೆ ಅದು ಎಷ್ಟೋ ಕೌದಿ ದಾಟಿ ಬಂದದ್ದು. ಡಿಎನ್‌ಎಯಲ್ಲೂ ಹೀಗೆಯೇ. ಪ್ರತಿ ತಲೆಮಾರಿನಲ್ಲೂ ಅಪ್ಪನ ಕಡೆಯದು, ಅವ್ವನ ಕಡೆಯದು ಅಲ್ಲಲ್ಲಿ ತುಂಡಾಗಿ, ಅದಲುಬದಲಾಗಿ ಮುಂದಕ್ಕೆ ಹೋಗುತ್ತದೆ. ನಾವೂ ಅವರೂ ಕವಲೊಡೆದು ಐದಾರು ಲಕ್ಷ ವರ್ಷ ಆಗಿದೆ. ಅಂದಿನಿಂದ ಉಳಿದ ಹೋಲಿಕೆಯಾದರೆ ಚೂರುಚೂರಾಗಿರಬೇಕು. ನಮ್ಮಲ್ಲಿರುವ ನಿಯಾಂಡರ್ತಾಲ್ ತುಂಡುಗಳು ಹಾಗಿಲ್ಲ. ಕೆಲವು ಹತ್ತಾರು ಸಾವಿರ ಅಕ್ಷರದಷ್ಟು (ಅಕ್ಷರ ಅಂದರೆ ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿ) ಉದ್ದ ಇವೆ. ಅವು ಸುಮಾರು 50,000 ವರ್ಷದ ಹಿಂದೆ ಸೇರಿದವು ಎಂದು ಆ ಉದ್ದದಿಂದಲೇ ಲೆಕ್ಕ ಹಾಕಿದ್ದಾರೆ.

ರೊಮೇನಿಯಾದ ಓಸೆ ಎಂಬ ಗುಹೆಯಲ್ಲಿ 2002ರಲ್ಲಿ ಒಂದು ದವಡೆ ಸಿಕ್ಕಿತು. ಸುಮಾರು 40,000 ವರ್ಷ ಹಳೆಯದು, ನಮ್ಮಂಥ ಮನುಷ್ಯನದ್ದೇ. ಅದರಲ್ಲಿ ನಿಯಾಂಡರ್ತಾಲ್ ತುಂಡುಗಳು ಬಹಳ ಬಹಳ ಉದ್ದ. ಅವನಿಗೆ ನಾಲ್ಕರಿಂದ ಆರು ತಲೆಮಾರಿನ ಹಿಂದೆಯೇ ಒಬ್ಬ ನಿಯಾಂಡರ್ತಾಲ್ ಹಿರಿಯ ಇದ್ದರು. ಮುತ್ತಜ್ಜನ ಅಪ್ಪನೋ, ಅವನಿಗಿಂತ ಒಂದೆರಡು ತಲೆ ಹಿಂದಿನ ಅಜ್ಜಿಯೋ! ಇದನ್ನು ಮೊದಲು ಓದಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಇನ್ನೊಂದು ಮಾತು. ಎಲ್ಲರಲ್ಲೂ ಒಂದೇ ತುಂಡು ಇರುವುದಿಲ್ಲ. ಭಾರತದ 2,700ಕ್ಕೂ ಹೆಚ್ಚು ಜನರ ಜೀನೋಮ್ ಓದಿ, ಅವರಲ್ಲಿ ಚದುರಿದ್ದ ತುಂಡುಗಳನ್ನು ಒಟ್ಟಿಗೆ ಜೋಡಿಸಿದಾಗ ನಿಯಾಂಡರ್ತಾಲ್ ಜೀನೋಮಿನ ಸುಮಾರು ಅರ್ಧದಷ್ಟು ಸಿಕ್ಕಿದೆ.

ಪ್ರಶ್ನೆ: 2021ರಲ್ಲಿ ಕೋವಿಡ್ ಬಂದು ನಮ್ಮ ಅಣ್ಣ ತೀರಿಕೊಂಡರು. ಕೋವಿಡ್ ಜೋರಾಗುವುದಕ್ಕೆ ನಿಯಾಂಡರ್ತಾಲ್ ಜೀನ್ ಕಾರಣ ಎಂದು ಓದಿದೆ. ಇದು ನಮ್ಮ ವಂಶದ ದೋಷವೇ?
— ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಅಣ್ಣನ ವಿಷಯ ಓದಿ ಸಂಕಟವಾಯಿತು. ದೋಷ ಅಂದುಕೊಳ್ಳಬೇಡಿ.

ನೀವು ಓದಿದ್ದು 2020ರಲ್ಲಿ ಹ್ಯೂಗೋ ಜೆಬರ್ಗ್ ಮತ್ತು ಪಾಬೊ ಪ್ರಕಟಿಸಿದ ವಿಷಯ. ನಮ್ಮ ಡಿಎನ್‌ಎ ಕ್ರೋಮೋಸೋಮ್ ಎಂಬ ಕಟ್ಟುಗಳಲ್ಲಿರುತ್ತದೆ. ಮೂರನೇ ಕ್ರೋಮೋಸೋಮಿನಲ್ಲಿ ಸುಮಾರು 50,000 ಅಕ್ಷರದ ಒಂದು ನಿಯಾಂಡರ್ತಾಲ್ ತುಂಡಿದೆ. ಅದು ಇದ್ದವರಿಗೆ ಕೋವಿಡ್ ಜೋರಾಗುವ ಸಂಭವ ಜಾಸ್ತಿ. ಆದರೆ ದಕ್ಷಿಣ ಏಷ್ಯಾದಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಅದು ಇದೆ. ಯುರೋಪಿನಲ್ಲಿ ನೂರಕ್ಕೆ 16 ಜನರಲ್ಲಿ. ನಮ್ಮಲ್ಲಿ ಅರ್ಧ ಜನ ಹೊತ್ತಿರುವುದನ್ನು ಒಂದು ಮನೆತನದ ದೋಷ ಅನ್ನಲಾದೀತೇ? ಅವರಲ್ಲಿ ಬಹಳಷ್ಟು ಜನ ಕೋವಿಡ್ ಬಂದರೂ ಗುಣವಾಗಿದ್ದಾರೆ. ಒಂದೇ ತಾಯಿಯ ಮಕ್ಕಳಲ್ಲೂ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರಬಹುದು. 12ನೇ ಕ್ರೋಮೋಸೋಮಿನಲ್ಲಿ ಇನ್ನೊಂದು ನಿಯಾಂಡರ್ತಾಲ್ ತುಂಡಿದೆ. ಅದು ಕೋವಿಡ್ ಜೋರಾಗುವುದನ್ನು ಸ್ವಲ್ಪ ತಡೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. ಸಕ್ಕರೆ ಕಾಯಿಲೆ, ಬೊಜ್ಜು ಕೂಡ ಸೇರುತ್ತವೆ. ಮಕ್ಕಳಿಗೆ ಇದಕ್ಕಾಗಿ ಜೀನ್ ಪರೀಕ್ಷೆ ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆ ದುಡ್ಡಿನಲ್ಲಿ ಮನೆಯ ಹಿರಿಯರ ಸಕ್ಕರೆ, ಬಿಪಿ ಒಮ್ಮೆ ನೋಡಿಸಿ.