ಕಣ್ಣೂ ಕಿವಿಯೂ ಒಟ್ಟಿಗೆ ಸೋತಾಗ: ಸಂಪಾದಕರ ಉತ್ತರ

ಮಾನ್ಯರೇ,

ಹಿರಿಯರ ಆರೋಗ್ಯದ ಕುರಿತ ನಮ್ಮ ವಿಶೇಷ ಸಂಚಿಕೆ ಓದಿ ನೀವು ಬರೆದ ಪತ್ರ ಮೇಜಿನ ಮೇಲಿದೆ. ‘ಕಣ್ಣಿಗೊಂದು ಲೇಖನ, ಕಿವಿಗೊಂದು ಲೇಖನ. ಎರಡೂ ಸೋತವರಿಗೆ ಯಾವ ಪುಟ?’ ಎಂದು ಕೇಳಿದ್ದೀರಿ. ವೃದ್ಧಾಶ್ರಮದಲ್ಲಿರುವ ನಿಮ್ಮ ತಾಯಿಯವರ ಕಣ್ಣೂ ಮಂಜು, ಕಿವಿಯೂ ಮಂದ. ಈಚೆಗೆ ಮಾತು ಕಡಿಮೆ ಮಾಡಿದ್ದಾರೆ, ನೀವು ಎದುರು ಕೂತರೆ ಮುಖ ತಿರುಗಿಸುತ್ತಾರೆ, ಯಾರಾದರೂ ಮೈ ಮುಟ್ಟಿದರೆ ಕೈ ಕೊಡವುತ್ತಾರೆ. ಅಲ್ಲಿಯವರು ‘ಮರೆವಿನ ಕಾಯಿಲೆ ಶುರುವಾಗಿದೆ’ ಎನ್ನುತ್ತಾರೆ.

ನೀವು ಕೇಳಿದ ಪುಟ ನಮ್ಮ ಸಂಚಿಕೆಯಲ್ಲಿ ಇರಲಿಲ್ಲ. ಕಣ್ಣಿನ ವಿಷಯ ಒಬ್ಬರಿಗೆ, ಕಿವಿಯ ವಿಷಯ ಇನ್ನೊಬ್ಬರಿಗೆ ಎಂದು ಹಂಚಿದವನು ನಾನು. ಆಶ್ರಮಗಳಲ್ಲೂ ನಡೆಯುವುದು ಹೀಗೆಯೇ. ಕಣ್ಣಿನ ಚೀಟಿ ಒಂದು ಕಡತದಲ್ಲಿ, ಕಿವಿಯದು ಮತ್ತೊಂದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಇರುವುದಿಲ್ಲ.

ಕಿವಿ ಮಂದವಾದವರು ತಮಗೇ ಅರಿವಿಲ್ಲದೆ ತುಟಿ ನೋಡಿ ಮಾತು ಹಿಡಿಯುತ್ತಾರೆ. ಕಣ್ಣು ಮಂಜಾದವರಿಗೆ ಹೆಜ್ಜೆಸಪ್ಪಳ ಕೇಳಿದರೆ ಸಾಕು, ಬಂದವರು ಯಾರೆಂದು ಗೊತ್ತಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿರುತ್ತದೆ. ಎರಡೂ ಕುಂದಿದರೆ ಆ ಆಸರೆ ತಪ್ಪುತ್ತದೆ. ಅದಕ್ಕೆ ಪೂರ್ತಿ ಕುರುಡು, ಪೂರ್ತಿ ಕಿವುಡು ಆಗಬೇಕೆಂದಿಲ್ಲ. ಎರಡೂ ಅಷ್ಟಿಷ್ಟು ಸೋತರೂ ಬದುಕು ತಲೆಕೆಳಗಾಗುತ್ತದೆ. ಅಂಧ-ಕಿವುಡರ ವಿಶ್ವ ಒಕ್ಕೂಟದ 2018ರ ವರದಿಯ ಪ್ರಕಾರ ಜಗತ್ತಿನ ಜನರಲ್ಲಿ ಸುಮಾರು ಶೇ 0.2 ಮಂದಿಗೆ ಇದು ತೀವ್ರವಾಗಿದೆ, ಇನ್ನೂ ಶೇ 2ರಷ್ಟು ಮಂದಿಗೆ ಸೌಮ್ಯವಾಗಿದೆ. ವಯಸ್ಸು ಏರಿದಂತೆ ಪ್ರಮಾಣವೂ ಏರುತ್ತದೆ.

ಮುಖ ತಿರುಗಿಸುವ ಮಾತಿಗೆ ಬರುತ್ತೇನೆ. ಇಳಿವಯಸ್ಸಿನಲ್ಲಿ ಅಕ್ಷಿಪಟಲದ (ಕಣ್ಣಿನ ಹಿಂಬದಿಯ ಪರದೆ, ರೆಟಿನಾ) ನಡುಭಾಗ ಸವೆಯುವ ಒಂದು ಕಾಯಿಲೆಯಿದೆ. ಅದು ಬಂದವರಿಗೆ ನೇರ ನೋಡಿದ್ದೇ ಮಸುಕಾಗುತ್ತದೆ, ಅಂಚಿನಲ್ಲಿರುವುದು ಉಳಿಯುತ್ತದೆ. ಎದುರಿಗಿರುವ ಮುಖವನ್ನು ಕಾಣಲೆಂದೇ ಅವರು ನೋಟವನ್ನು ಓರೆ ಮಾಡುತ್ತಾರೆ. ನಿಮ್ಮ ತಾಯಿಯವರಿಗೆ ಇದೇ ಆಗಿದೆಯೇ ಎಂಬುದನ್ನು ಕಣ್ಣಿನ ವೈದ್ಯರು ಹೇಳಬೇಕು. ಆದರೆ ಅವರು ಮುಖ ತಿರುಗಿಸಿದ್ದು ನಿಮ್ಮನ್ನು ನೋಡುವುದಕ್ಕೇ ಇರಬಹುದು ಎಂಬುದು ನಿಮ್ಮ ಮನಸ್ಸಿನಲ್ಲಿರಲಿ.

ಕಿವಿಯ ಕಥೆಯೂ ಹೀಗೇ. ವಯಸ್ಸಿನೊಂದಿಗೆ ಮೊದಲು ಹೋಗುವುದು ತಾರಸ್ವರದ, ಅಂದರೆ ಕೀಚಲು ಸದ್ದುಗಳು. ಸ್ವರಾಕ್ಷರ ಕೇಳುತ್ತದೆ, ಸ, ಶ, ತ, ಕ ಜಾರಿಹೋಗುತ್ತವೆ. ಊಟ ಬಡಿಸುವವರು ‘ಸಾಕಾ?’ ಎಂದದ್ದು ‘ಹಾಕ್ಲಾ?’ ಎಂಬಂತೆ ಕೇಳಿಸಿತು ಅಂತಿಟ್ಟುಕೊಳ್ಳಿ. ಅಜ್ಜಿ ‘ಹೂಂ’ ಅಂದರು, ಬಡಿಸುವವರು ತಟ್ಟೆ ಎತ್ತಿಕೊಂಡು ಹೋದರು. ಅಜ್ಜಿ ಗೊಣಗಿದರೆ ‘ಹಟ’ ಎಂಬ ಹೆಸರು. ಕೂಗಿ ಹೇಳಿದರೂ ಪ್ರಯೋಜನ ಕಡಿಮೆ. ಕೂಗಿದಾಗ ಸ್ವರ ಉಬ್ಬುತ್ತದೆ, ವ್ಯಂಜನ ಹಿಂದೆ ಉಳಿಯುತ್ತದೆ, ಸೋತ ಕಿವಿಗೆ ಜೋರು ಸದ್ದು ನೋವನ್ನೂ ಕೊಡುತ್ತದೆ. ಎದುರಿಗೆ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂತು ನಿಧಾನವಾಗಿ ಆಡಿ. ಬೆನ್ನಿಗೆ ಕಿಟಕಿ ಇದ್ದರೆ ನಿಮ್ಮ ಮುಖ ಅವರಿಗೆ ಬರೀ ಕಪ್ಪು ನೆರಳು.

ನನ್ನ ಸೋದರತ್ತೆ ಕೊನೆಯ ಎರಡು ವರ್ಷ ಒಂದು ಆಶ್ರಮದಲ್ಲಿದ್ದರು. ಒಮ್ಮೆ ಹೋದಾಗ ಅವರ ಕಿವಿಯ ಮಷೀನು ಮೇಜಿನ ಖಾನೆಯಲ್ಲಿ, ಹತ್ತಿಯ ಉಂಡೆಗಳ ನಡುವೆ ಬಿದ್ದಿತ್ತು. ಶೆಲ್ ಮುಗಿದು ಎಷ್ಟು ದಿನವಾಗಿತ್ತೋ. ಕೊಳವೆಯ ತುದಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಮೂಗಿನ ಮೇಲಿದ್ದ ಕನ್ನಡಕ ಪಕ್ಕದ ಹಾಸಿಗೆಯವರದು. ಕೇಳಿದರೆ, ‘ಅವರೇ ಬೇಡ ಅಂತಾರೆ’ ಎಂದರು ಆಶ್ರಮದವರು. ಬೇಳೆಕಾಳಿನಷ್ಟು ಸಣ್ಣ ಶೆಲ್ಲನ್ನು ಕಣ್ಣು ಕಾಣದ, ಬೆರಳು ನಡುಗುವ ಹೆಂಗಸು ಹೇಗೆ ಬದಲಿಸಿಯಾರು? ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಅದಕ್ಕೂ ಹಿಂದಿನ ಮೂರು ಭೇಟಿಗಳಲ್ಲಿ ನಾನೂ ಆ ಖಾನೆ ತೆರೆದು ನೋಡಿರಲಿಲ್ಲ. ನೀವು ಹೋದಾಗಲೆಲ್ಲ ನೋಡಿ. ಮಷೀನಿನ ಮೇಲೆ ಕೆಂಪು ಗುರುತಿದ್ದರೆ ಬಲಗಿವಿಗೆ, ನೀಲಿ ಇದ್ದರೆ ಎಡಗಿವಿಗೆ. ಕನ್ನಡಕಕ್ಕೆ ಹೆಸರು ಅಂಟಿಸಿ. ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ಎಂದು ವೈದ್ಯರಿಂದ ನೋಡಿಸಿ. ಅದನ್ನು ತೆಗೆಸಿದ ಮೇಲೆ ‘ಕಿವುಡು’ ಎಷ್ಟೋ ಇಳಿದವರಿದ್ದಾರೆ. ಕಣ್ಣಿನ ಪೊರೆಯಾದರೆ ಶಸ್ತ್ರಚಿಕಿತ್ಸೆಯಿದೆ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಬೇಡ ಎನ್ನಬಾರದು.

ಇನ್ನು ಮರೆವಿನ ಪರೀಕ್ಷೆ. 1975ರಿಂದ ಬಳಕೆಯಲ್ಲಿರುವ, 30 ಅಂಕಗಳ ಒಂದು ಪರೀಕ್ಷೆಯಲ್ಲಿ ಮೂರು ಪದ ಕೇಳಿಸಿಕೊಂಡು ಹೇಳಬೇಕು, ‘ಕಣ್ಣು ಮುಚ್ಚಿ’ ಎಂದು ಬರೆದದ್ದನ್ನು ಓದಿ ಹಾಗೆ ಮಾಡಬೇಕು, ಒಂದರೊಳಗೊಂದು ಸೇರಿದ ಎರಡು ಪಂಚಕೋನ ಬಿಡಿಸಬೇಕು. ಕೇಳದವರು, ಕಾಣದವರು ಇದರಲ್ಲಿ ಅಂಕ ಕಳೆದುಕೊಂಡರೆ ತಪ್ಪು ಮಿದುಳಿನದೇ ಎಂದು ಹೇಗೆ ಹೇಳುವುದು? ಹಾಗಂತ ಮರೆವು ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಆರೈಕೆಯಿಲ್ಲದ ಕಿವಿ, ಕಣ್ಣಿನ ದೋಷಗಳು ಮರೆವಿನ ಅಪಾಯವನ್ನು ಹೆಚ್ಚಿಸುವ ಅಂಶಗಳೆಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ ಆಯೋಗದ 2024ರ ವರದಿ ಪಟ್ಟಿ ಮಾಡಿದೆ. ಮೊದಲು ಕಣ್ಣು ಕಿವಿ ನೋಡಿಸಿ, ಆಮೇಲೆ ಆ ಪರೀಕ್ಷೆ ಆಗಲಿ ಎಂದು ಪಟ್ಟು ಹಿಡಿಯಿರಿ.

ಕೈ ಕೊಡವುವುದೇಕೆ? ಬಂದದ್ದು ಕಾಣದೆ, ಕೇಳದೆ ಇರುವಾಗ ಬೆನ್ನ ಹಿಂದಿನಿಂದ ಯಾರೋ ತೋಳು ಹಿಡಿದು ಎಬ್ಬಿಸಿದರೆ ಯಾರಾದರೂ ಬೆಚ್ಚುತ್ತಾರೆ. ಮುಂದಿನಿಂದ ಬಂದು, ಮೊದಲು ಅವರ ಕೈಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇರಿ. ನೀವೆಂದು ತಿಳಿಯಲು ಒಂದು ಗುರುತು ಕೊಡಿ. ನಮ್ಮತ್ತೆ ನನ್ನ ಉಂಗುರವನ್ನು ತಡವಿ ‘ಬಂದ್ಯಾ?’ ಅನ್ನುತ್ತಿದ್ದರು. ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆದು ನೋಡಿ, ಓದುಬರಹ ಬಲ್ಲವರು ಬೇಗ ಹಿಡಿಯುತ್ತಾರೆ. ಕಣ್ಣು ಕಿವಿ ಎರಡನ್ನೂ ಕಳೆದುಕೊಂಡ ಆಸ್ಟ್ರಿಯಾದ ಬರಹಗಾರ ಹಿರೋನಿಮಸ್ ಲಾರ್ಮ್ 1881ರಲ್ಲಿ ಅಂಗೈಯನ್ನೇ ಹಲಗೆ ಮಾಡಿಕೊಂಡು ಸ್ಪರ್ಶದ ವರ್ಣಮಾಲೆ ರೂಪಿಸಿದ್ದ. ಹೊರಡುವಾಗಲೂ ಕೈ ಒತ್ತಿ ತಿಳಿಸಿ, ಇಲ್ಲವಾದರೆ ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾ ಕೂರುತ್ತಾರೆ.

ಕೋಣೆಯಲ್ಲಿ ಮಕ್ಕಳು ಓಡಾಡುವುದು ಕಾಣುತ್ತದೆ ಎಂದು ತಾಯಿ ಹೇಳಿದ್ದನ್ನು ನೀವು ಪತ್ರದ ಕೊನೆಯಲ್ಲಿ ಅಂಜುತ್ತ ಬರೆದಿದ್ದೀರಿ. ನೋಟ ಕುಂದಿದಾಗ ಮಿದುಳು ತಾನೇ ಚಿತ್ರ ಕಟ್ಟುವುದುಂಟು. ಬುದ್ಧಿ ಚುರುಕಾಗಿದ್ದ ತನ್ನ ಅಜ್ಜನಿಗೆ ಹಾಗಾದದ್ದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಶಾರ್ಲ್ ಬೊನೆ 1760ರಲ್ಲೇ ದಾಖಲಿಸಿದ್ದಾನೆ. ವೈದ್ಯರಿಗೆ ಮುಚ್ಚಿಡದೆ ಹೇಳಿ. ಹುಚ್ಚು ಎಂದು ಯಾರೂ ತಾಯಿಯವರ ಬಾಯಿ ಮುಚ್ಚಿಸದಿರಲಿ.

ನೀವು ಕೇಳಿದ ಪುಟ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಕಣ್ಣಿನ ವೈದ್ಯರನ್ನೂ ಶ್ರವಣ ತಜ್ಞರನ್ನೂ ಒಂದೇ ಮೇಜಿಗೆ ಕೂರಿಸಿ ಬರೆಸುತ್ತಿದ್ದೇವೆ. ಆ ಪುಟದ ಅಕ್ಷರ ಮಾಮೂಲಿಗಿಂತ ದೊಡ್ಡದಿರುತ್ತದೆ.

ನಿಮ್ಮ,
ಸಂಪಾದಕ