ಮೆಥನಾಲ್‌ನಿಂದ ಹೈಡ್ರೋಜನ್ ತೆಗೆಯಲು ಯಾವ ವೇಗವರ್ಧಕ ಒಳ್ಳೆಯದು?

ಹೆಚ್ಚಿನವರು ಬಳಸುವುದು ತಾಮ್ರ, ಸತು ಆಕ್ಸೈಡ್, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಸೇರಿದ ವೇಗವರ್ಧಕ. ನನ್ನ ಓಟೂ ಅದಕ್ಕೇ. ಬೆಲೆ ಕಡಿಮೆ, 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕೆಲಸ ಮಾಡುತ್ತದೆ. ಒಂದು ಮೆಥನಾಲ್ ಅಣು, ಒಂದು ನೀರಿನ ಅಣು ಸೇರಿದರೆ 3 ಹೈಡ್ರೋಜನ್ ಅಣು, ಒಂದು ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ. ಜೊತೆಗೆ ಸ್ವಲ್ಪ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ, ತೊಂದರೆ ಇರುವುದೇ ಅಲ್ಲಿ. ಹೈಡ್ರೋಜನ್‌ನಿಂದ ವಿದ್ಯುತ್ ಮಾಡುವ ಫ್ಯುಯೆಲ್ ಸೆಲ್‌ನ ಪ್ಲಾಟಿನಂಗೆ ಅದು ವಿಷ ಅಲ್ವಾ, ಹಾಗಾಗಿ ಅದನ್ನು ಕಡಿಮೆ ಮಾಡಲು ನೀರನ್ನು ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ.

ತಾಮ್ರಕ್ಕೆ ಬಿಸಿ ಜಾಸ್ತಿಯಾದರೆ ಆಗುವುದಿಲ್ಲ. 300 ಡಿಗ್ರಿ ದಾಟಿದರೆ ಅದರ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಮೇಲ್ಮೈ ಕಡಿಮೆಯಾಗಿ ಕೆಲಸ ನಿಧಾನವಾಗುತ್ತದೆ. ಗಂಧಕ, ಕ್ಲೋರಿನ್ ತಗುಲಿದರೂ ಕೆಡುತ್ತದೆ.

ಲ್ಯಾಬ್‌ನಲ್ಲಿ ಮಾಡುವವರು ಇದನ್ನು ಮರೆಯಬೇಡಿ: ಡಬ್ಬಿಯಿಂದ ತೆಗೆದಾಗ ಕಪ್ಪಗಿರುವ ಈ ಗುಳಿಗೆಗಳಲ್ಲಿ ಇರುವುದು ತಾಮ್ರದ ಆಕ್ಸೈಡ್. ಸಾರಜನಕದಲ್ಲಿ ಸ್ವಲ್ಪವೇ ಹೈಡ್ರೋಜನ್ ಬೆರೆಸಿ, ನಿಧಾನವಾಗಿ ಬಿಸಿ ಮಾಡಿ ಅದನ್ನು ಲೋಹವಾಗಿಸಬೇಕು. ಆಮೇಲೆ ಸುಮ್ನೆ ಗಾಳಿಗೆ ತೆರೆದಿಟ್ಟರೆ ತಾನಾಗಿಯೇ ಕಾದು ಕೆಂಡವಾಗಬಹುದು, ಜೋಪಾನ.

ಬಿಸಿ ತಡೆಯುವಂಥದ್ದೇ ಬೇಕಾದರೆ ಸತು ಆಕ್ಸೈಡ್ ಮೇಲೆ ಕೂರಿಸಿದ ಪಲ್ಲಾಡಿಯಂ ನೋಡಿ. ಪಲ್ಲಾಡಿಯಂ ಒಂದೇ ಇದ್ದರೆ ಮೊನಾಕ್ಸೈಡ್ ಜಾಸ್ತಿ, ಸತುವಿನ ಜೊತೆ ಮಿಶ್ರಲೋಹವಾದರೆ ತಾಮ್ರದ ಹಾಗೇ ನಡೆದುಕೊಳ್ಳುತ್ತದೆ. ಬೆಲೆ ಮಾತ್ರ ತುಂಬಾ ದುಬಾರಿ.